ಅಂಚೆ ಇಲಾಖೆಯ ಮೇಲೆ ದೂರು: ಯಾರಿಗೆ, ಹೇಗೆ ಬರೆಯಬೇಕು?

ಸ್ಪೀಡ್ ಪೋಸ್ಟ್ ತಲುಪಲಿಲ್ಲ, ಕಟ್ಟಿದ ಆರ್‌ಡಿ ಕಂತು ಖಾತೆಗೆ ಸೇರಲಿಲ್ಲ ಎಂದಾಗ ಬಹಳ ಮಂದಿ ಕೌಂಟರ್ ಮುಂದೆ ಜಗಳವಾಡಿ ಬರಿಗೈಯಲ್ಲಿ ಮನೆಗೆ ಮರಳುತ್ತಾರೆ. ಬಾಯಿಮಾತಿನ ದೂರು ಯಾವ ಕಡತಕ್ಕೂ ಸೇರುವುದಿಲ್ಲ. ಅಂಚೆ ಎಂಬುದು ಕೇಂದ್ರ ಸಂವಹನ ಸಚಿವಾಲಯದ ಒಂದು ಇಲಾಖೆ. ವಿಭಾಗದ ಅಂಚೆ ಅಧೀಕ್ಷಕರಿಂದ ಹಿಡಿದು ಸಂಸತ್ತಿನವರೆಗೆ ಅದನ್ನು ಪ್ರಶ್ನಿಸುವ ಅಧಿಕಾರ ಉಳ್ಳವರಿದ್ದಾರೆ. ಅವರು ಕೇಳಬೇಕಾದರೆ ನಿಮ್ಮ ದೂರು ಬರವಣಿಗೆಯಲ್ಲಿರಬೇಕು.

ಮೊದಲು ರಸೀದಿ ಹುಡುಕಿ. ಅದರ ಮೇಲೆ 13 ಅಕ್ಷರಾಂಕಿಗಳ ಸಂಖ್ಯೆ ಇರುತ್ತದೆ: ಆರಂಭದಲ್ಲಿ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಆ ಸಂಖ್ಯೆ ಹಾಕಿ ಇಲಾಖೆಯ ಜಾಲತಾಣದಲ್ಲಿ ವಿವರ ತೆರೆದು, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಜನರಿದ್ದ ದಿನವೇ ‘ಬಾಗಿಲು ಹಾಕಿತ್ತು’ ಎಂದು ದಾಖಲಾಗಿದ್ದರೆ ಅದೇ ನಿಮ್ಮ ಸಾಕ್ಷ್ಯ. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ವಿಳಾಸದಾರರ ಕೈಗೇ ತಲುಪಬೇಕಾದ ಕಾಗದವಾದರೆ ‘ರಿಜಿಸ್ಟ್ರೇಷನ್’ ಸೇರಿಸಿ ಎಂದು ಕೌಂಟರ್‌ನಲ್ಲಿ ಕೇಳಬೇಕು.)

ನಂತರ ಪೋಸ್ಟ್ ಮಾಸ್ಟರ್ ಅವರಿಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. 1800 266 6868 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಉತ್ತರ ಬಾರದಿದ್ದರೆ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆಯಿರಿ. ಅವರ ಮೇಲೆ ವಲಯದ ಪೋಸ್ಟ್ ಮಾಸ್ಟರ್ ಜನರಲ್, ಅವರಿಗೂ ಮೇಲೆ ಬೆಂಗಳೂರಿನಲ್ಲಿ ಕರ್ನಾಟಕ ವೃತ್ತದ ಮುಖ್ಯ ಪೋಸ್ಟ್ ಮಾಸ್ಟರ್ ಜನರಲ್ ಇದ್ದಾರೆ. ಇಲಾಖೆಯ ಅಧಿಕಾರಿಗಳು ದೂರು ಆಲಿಸಲು ಆಗಾಗ ನಡೆಸುವ ಅಂಚೆ ಅದಾಲತ್‌ನಲ್ಲೂ ದೂರು ಮಂಡಿಸಬಹುದು. ದಿನಾಂಕಕ್ಕಾಗಿ ಪತ್ರಿಕಾ ಪ್ರಕಟಣೆ ಗಮನಿಸುತ್ತಿರಿ.

ಇಲ್ಲಿಗೂ ಬಗೆಹರಿಯದಿದ್ದರೆ ಕೇಂದ್ರದ ‘ಸಿಪಿಗ್ರಾಮ್ಸ್’ ಪೋರ್ಟಲ್‌ನಲ್ಲಿ ಅಂಚೆ ಇಲಾಖೆಯನ್ನು ಆರಿಸಿ ದೂರು ಹಾಕಿ. 2024ರ ಮಾರ್ಗಸೂಚಿಯಂತೆ 21 ದಿನಗಳಲ್ಲಿ ಇತ್ಯರ್ಥವಾಗಬೇಕು. ‘ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಕೊಟ್ಟು ದೂರು ಮುಚ್ಚಿದರೆ ಒಪ್ಪಿಕೊಳ್ಳಬೇಡಿ. ಅಲ್ಲೇ ಮೇಲ್ಮನವಿಗೆ ಅವಕಾಶವಿದೆ.

ಎಲ್ಲಕ್ಕಿಂತ ಹರಿತವಾದ ಅಸ್ತ್ರ ಮಾಹಿತಿ ಹಕ್ಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ವಿಭಾಗದ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕಳುಹಿಸಿ. ಕನ್ನಡದಲ್ಲೇ ಬರೆಯಿರಿ: ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೇಳುವ ಹಕ್ಕನ್ನು 2005ರ ಕಾಯ್ದೆಯೇ ಕೊಟ್ಟಿದೆ. ‘ನನ್ನ ಪತ್ರ ಏಕೆ ತಲುಪಲಿಲ್ಲ?’ ಎಂದು ಕೇಳಿದರೆ ಜಾರಿಕೊಳ್ಳುವ ಉತ್ತರ ಬರುತ್ತದೆ. ‘ಈ ಸಂಖ್ಯೆಯ ಲಕೋಟೆಯ ಬಟವಾಡೆ ದಾಖಲೆಯ ಪ್ರತಿ, ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿಗಳ ಪ್ರತಿ ಕೊಡಿ’ ಎಂದು ಬರೆದರೆ ದಾಖಲೆ ತೆಗೆಯಲೇಬೇಕಾಗುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ದೆಹಲಿಯ ಕೇಂದ್ರ ಮಾಹಿತಿ ಆಯೋಗ. ರಾಜ್ಯ ಮಾಹಿತಿ ಆಯೋಗಕ್ಕೆ ಈ ವಿಷಯದಲ್ಲಿ ಅಧಿಕಾರವಿಲ್ಲ.

ಹಣದ ವಿಷಯವಾದರೆ

ಇಲ್ಲಿ ಬಾಗಿಲುಗಳು ಬೇರೆ ಬೇರೆ. 2018ರಲ್ಲಿ ದೇಶದಾದ್ಯಂತ ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ರಿಸರ್ವ್ ಬ್ಯಾಂಕಿನ ಅಧೀನಕ್ಕೆ ಒಳಪಟ್ಟಿದೆ. ಅದು 30 ದಿನಗಳಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಆದರೆ ಅದೇ ಕೌಂಟರ್‌ನಲ್ಲಿ ತೆರೆದ ಉಳಿತಾಯ ಖಾತೆ, ಆರ್‌ಡಿ, ಸುಕನ್ಯಾ ಸಮೃದ್ಧಿ ಹಣಕಾಸು ಸಚಿವಾಲಯದ ಯೋಜನೆಗಳು. ಇವಕ್ಕೆ ಆ ಓಂಬುಡ್ಸ್‌ಮನ್ ಇಲ್ಲ. ಇಲಾಖೆಯ ಅಧಿಕಾರಿಗಳಿಗೇ ದೂರು ಕೊಡಬೇಕು. ಹಳ್ಳಿಯ ಹಿರಿಯರು ನಂಬಿ ಪಾಸ್‌ಬುಕ್ಕನ್ನು ಶಾಖಾ ಅಂಚೆ ಕಚೇರಿಯಲ್ಲೇ ಬಿಟ್ಟುಬರುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ಕಂತಿಗೂ ಮೊತ್ತ, ಮೊಹರು, ಸಹಿ ಮೂರನ್ನೂ ನೋಡಿಕೊಂಡೇ ಅಲ್ಲಿಂದ ಏಳಿ. ಸಿಬ್ಬಂದಿ ಕೆಲಸದ ವೇಳೆ ಮಾಡಿದ ವಂಚನೆಗೆ ಅಂಚೆ ಕಚೇರಿಯೇ ಹೊಣೆ ಎಂದು ಕಿಸಾನ್ ವಿಕಾಸ ಪತ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ‘ಅದು ಅವನ ವೈಯಕ್ತಿಕ ತಪ್ಪು’ ಎಂದು ಯಾರಾದರೂ ಕೈತೊಳೆದುಕೊಂಡರೆ ಈ ತೀರ್ಪನ್ನು ಉಲ್ಲೇಖಿಸಿ.

ಕಳೆದುಹೋದ ಲಕೋಟೆಗೆ ಪರಿಹಾರದ ವಿಚಾರದಲ್ಲಿ ಮಾತ್ರ ಕಾನೂನು ಗ್ರಾಹಕರ ಪರವಾಗಿಲ್ಲ. 1898ರ ಕಾಯ್ದೆಯ ಬದಲಿಗೆ 2024ರ ಜೂನ್ 18ರಂದು ಜಾರಿಗೆ ಬಂದ ಅಂಚೆ ಕಚೇರಿ ಕಾಯ್ದೆಯೂ, ನಿಯಮಗಳಲ್ಲಿ ಹೇಳಿದಷ್ಟು ಮಾತ್ರ ಹೊಣೆ ಎನ್ನುತ್ತದೆ. ಬ್ರಿಟಿಷರ ಕಾಲದ ರಕ್ಷಣೆಯನ್ನು ಹೊಸ ಕಾಯ್ದೆಯಲ್ಲೂ ಉಳಿಸಿಕೊಂಡಿದ್ದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಸದ್ಯಕ್ಕೆ ಬೆಲೆಬಾಳುವ ವಸ್ತುವನ್ನು ವಿಮೆ ಮಾಡಿಸಿಯೇ ಕಳುಹಿಸಿ.

ಒಬ್ಬರದಲ್ಲ, ಇಡೀ ಊರಿನ ಸಮಸ್ಯೆಯಾದರೆ ಸಂಸದರಿಗೆ ಬರೆಯಿರಿ. ಅವರು ಲೋಕಸಭೆಯಲ್ಲಿ ಪ್ರಶ್ನೆ ಕೇಳಬಹುದು, ಉತ್ತರಿಸುವುದು ಸಚಿವಾಲಯದ ಕರ್ತವ್ಯ. ಇಲಾಖೆಯ ಅನುದಾನದ ಬೇಡಿಕೆಗಳನ್ನು ಸಂಸತ್ತಿನ ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿ ಪರಿಶೀಲಿಸುತ್ತದೆ, ಲೆಕ್ಕವನ್ನು ಸಿಎಜಿ (ಭಾರತದ ಮಹಾಲೇಖಪಾಲರು) ತಪಾಸಣೆ ಮಾಡುತ್ತಾರೆ. ಪತ್ರದ ಜೊತೆಗೆ ಸಿಪಿಗ್ರಾಮ್ಸ್ ನೋಂದಣಿ ಸಂಖ್ಯೆಗಳನ್ನೂ ಮಾಹಿತಿ ಹಕ್ಕಿನಡಿ ಬಂದ ಉತ್ತರದ ಪ್ರತಿಗಳನ್ನೂ ಲಗತ್ತಿಸಿ. ಸಂಸದರ ಕಚೇರಿಯವರು ಪ್ರಶ್ನೆ ಸಿದ್ಧಪಡಿಸಲು ಅವು ಬೇಕಾಗುತ್ತವೆ.