ಬಣ್ಣಕ್ಕೆ ಮೊದಲೇ ತೋರಿಸಿ: ಹಳೇ ಕಂಟೇನರ್‌ಗೆ ಕಸ್ಟಮ್ಸ್ ಪ್ಲೇಟ್ ಹಾಕಿಸಿದ ನನ್ನ ಅನುಭವ

ಕಸ್ಟಮ್ಸ್ ಪ್ಲೇಟ್ ಕಿತ್ತುಹೋದ ಹಳೇ ಇಪ್ಪತ್ತು ಅಡಿ ಕಂಟೇನರ್‌ಗೆ ಮತ್ತೆ ಅನುಮೋದನೆ ಸಿಗುತ್ತದೆ, ಅದೂ ಕುಶಾಲನಗರದ ಶೆಡ್ಡಿನಲ್ಲಿ ರಿಪೇರಿ ಮಾಡಿದ್ದಕ್ಕೆ ಸಿಗುತ್ತದೆ ಅಂದರೆ ನಮ್ಮ ಲೈನಿನಲ್ಲಿ ಯಾರೂ ನಂಬಿರಲಿಲ್ಲ. ಪೆಟ್ಟಿಗೆ ಮಾರಿದವರೇ ‘ತೋಟದಲ್ಲಿ ಗೊಬ್ಬರ ಇಟ್ಕೊಳ್ಳೋಕೆ ಚೆನ್ನಾಗಿರುತ್ತೆ ಸಾರ್’ ಅಂದರು. ನನ್ನ ಭಾವ ‘ಗುಜರಿಗೆ ದುಡ್ಡು ಸುರೀತಿದ್ದೀರಿ’ ಅಂದರು. ಅವೇ ಪೆಟ್ಟಿಗೆಗಳು ಈಗ ಪ್ಲೇಟ್ ಹಾಕಿಸಿಕೊಂಡು ಕಾಫಿ ಹೊತ್ತು ಹೋಗುತ್ತಿವೆ. ಫೋನ್ ಮಾಡಿ ಕೇಳುವವರು ಜಾಸ್ತಿಯಾದರು, ಅದಕ್ಕೆ ಬರೆಯುತ್ತಿದ್ದೇನೆ. ಟಿಐಆರ್ ಅಂದರೆ ಸೀಲ್ ಹಾಕಿದ ಮಾಲನ್ನು ಗಡಿ ಗಡಿಯಲ್ಲಿ ಬಿಚ್ಚಿಸದೆ ಸಾಗಿಸುವ ಅಂತರರಾಷ್ಟ್ರೀಯ ಒಪ್ಪಂದ, ಸಿಎಸ್‌ಸಿ ಅಂದರೆ ಕಂಟೇನರ್ ಸುರಕ್ಷತೆಯ ಒಪ್ಪಂದ. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ, ಈ ಕೆಲಸದಲ್ಲಿ ಇರುವವರಿಗೆ ಅದು ಗೊತ್ತು.

ಶುರುವಾದದ್ದು 2021ರಲ್ಲಿ. ಖಾಲಿ ಕಂಟೇನರ್ ಸಿಗದೆ ಕಾಫಿ ರಫ್ತಿನವರು ಒದ್ದಾಡಿದ್ದು ನೆನಪಿದೆ ಅಲ್ವಾ? ನಾನು ಕೂಡ್ಲೂರು ಕಡೆಯ, ಕಾಫಿ ಹದ ಮಾಡುವ ಕ್ಯೂರಿಂಗ್‌ಗಳಿಗೆ ಲಾರಿ ಬಿಡುವವನು. ರಷ್ಯಾಕ್ಕೆ ಮಾಲು ಕಳಿಸುವ ಒಬ್ಬರು ಸ್ವಂತ ಪೆಟ್ಟಿಗೆ ಮಾಡಿಕೊಡಿ ಅಂದರು. ಹಡಗು ಇರಾನಿನ ಬಂದರ್ ಅಬ್ಬಾಸ್‌ವರೆಗೆ, ಅಲ್ಲಿಂದ ಮುಂದೆ ರಸ್ತೆ. ಇರಾನ್, ಅಜರ್‌ಬೈಜಾನ್, ರಷ್ಯಾ ಮೂರೂ ಟಿಐಆರ್ ಒಪ್ಪಂದದಲ್ಲಿವೆ. ನಮ್ಮ ದೇಶದಲ್ಲಿ ಅದು 2017ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಒಂದೇ ಕಾರ್ನೆಟ್ (ಎಲ್ಲ ಗಡಿಗೂ ನಡೆಯುವ ಕಸ್ಟಮ್ಸ್ ಕಾಗದ) ಹಿಡಿದು ಗಡಿ ದಾಟಬೇಕು ಅಂದರೆ ಪೆಟ್ಟಿಗೆಗೆ ಕಸ್ಟಮ್ಸ್ ಅನುಮೋದನೆಯ ಪ್ಲೇಟ್ ಇರಲೇಬೇಕು.

ಪ್ಲೇಟ್ ಇರುವ ಒಳ್ಳೆ ಪೆಟ್ಟಿಗೆಗೆ ಆಗ ಎರಡೂವರೆ ಲಕ್ಷದ ಮೇಲೆ ಹೇಳುತ್ತಿದ್ದರು. ಪ್ಲೇಟ್ ಇಲ್ಲದ, ಅಲ್ಲಲ್ಲಿ ತೂತು ಬಿದ್ದ ಪೆಟ್ಟಿಗೆ ಒಂದೂಕಾಲು ಲಕ್ಷದ ಆಸುಪಾಸಿಗೆ ಸಿಗುತ್ತಿತ್ತು. ನನ್ನ ಲೆಕ್ಕ ಪೂರ್ತಿ ನಿಂತದ್ದು ಈ ವ್ಯತ್ಯಾಸದ ಮೇಲೆ. ಟಿಐಆರ್ ನಿಯಮದಲ್ಲಿ, ತಯಾರಾಗಿ ಎಷ್ಟೋ ಕಾಲದ ಮೇಲೂ ಒಂದೊಂದೇ ಪೆಟ್ಟಿಗೆಗೆ ಅನುಮೋದನೆ ಕೇಳುವ ದಾರಿ ಇದೆ. ಮಾಲೀಕ ಅರ್ಜಿ ಕೊಡಬೇಕು, ಅನುಮೋದನೆ ಕೊಡುವವರ ಕಡೆಯವರು ಬಂದು ನೋಡಬೇಕು. ಹೆಚ್ಚಿನವರು ಆ ಪುಟ ಓದುವುದೇ ಇಲ್ಲ. ಕಾರ್ಖಾನೆಯಿಂದ ಬಂದ ಪ್ಲೇಟ್ ಹೋದರೆ ಮುಗಿಯಿತು ಅಂದುಕೊಳ್ಳುತ್ತಾರೆ.

ಮಂಗಳೂರಿನಿಂದ ತರುವುದೇ ಮೊದಲ ಖರ್ಚು. ಖಾಲಿ ಪೆಟ್ಟಿಗೆ ಎರಡೂಕಾಲು ಟನ್ ಅಷ್ಟೇ, ಆದರೆ ಟ್ರೈಲರ್ ಸಂಪಾಜೆ ಘಾಟಿ ಹತ್ತಬೇಕಲ್ಲ. 2018ರಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದ ಮೇಲೆ ಮಳೆಗಾಲ ಬಂದರೆ ಭಾರಿ ವಾಹನಕ್ಕೆ ಯಾವಾಗ ತಡೆ ಬೀಳುತ್ತದೋ ಹೇಳಲಾಗದು. ಶಿರಾಡಿ, ಹಾಸನ ಸುತ್ತಿ ತಂದರೆ ಬಾಡಿಗೆ ಒಂದೂವರೆ ಪಟ್ಟು. ಇಳಿಸಲು ಹೈಡ್ರಾ ಕ್ರೇನ್ ಬೇರೆ. ಹಾಗಾಗಿ ಒಂದೊಂದೇ ತರಬೇಡಿ. ನಾಲ್ಕೈದು ಸೇರಿಸಿ ಮೇ ತಿಂಗಳೊಳಗೆ ತಂದಿಟ್ಟುಕೊಳ್ಳಿ.

ಮೊದಲ ಸಲದ ಪೆಟ್ಟಿಗೆಗಳು ಪಾಸಾಗಲಿಲ್ಲ. ಯಾಕೆ ಅನ್ನುವುದು ನಿಮಗೆ ಬೇಕಾಗುತ್ತದೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಒಂದು ಪೆಟ್ಟಿಗೆಯ ಒಳಗೋಡೆಗೆ ಪ್ಲೈವುಡ್ ಹೊಡೆಸಿದ್ದೆ. ಹಡಗಿನಲ್ಲಿ ಬೆವರಿ ಛಾವಣಿಯಿಂದ, ಗೋಡೆಯಿಂದ ನೀರು ಇಳಿಯುತ್ತದೆ, ಅದು ಕಾಫಿಗೆ ತಾಗಬಾರದು ಅಂತ. ಕಾಫಿಗೆ ನೋಡಿದರೆ ಅದು ಒಳ್ಳೆಯದೇ. ಆದರೆ ಗೋಡೆಯ ತಗಡು ಅಲೆ ಅಲೆಯಾಗಿರುತ್ತದೆ. ಪ್ಲೈವುಡ್‌ಗೂ ತಗಡಿಗೂ ನಡುವೆ ಉದ್ದಕ್ಕೂ ಜಾಗ ಉಳಿಯಿತು. ನಿಯಮ ಹೇಳುವುದು ಸರಳ: ಮಾಲು ಅಡಗಿಸಿಡುವ ಗುಪ್ತ ಜಾಗ ಇರಬಾರದು. ಪರೀಕ್ಷೆಗೆ ಬಂದವರು ಅದನ್ನು ನೋಡಿದ ಕೂಡಲೇ ಬೇಡ ಅಂದರು. ಬಿಚ್ಚಿಸಿದೆ. ಹದಿನೆಂಟು ಇಪ್ಪತ್ತು ಸಾವಿರ ಹೋಯಿತು. ಈಗ ಗೋಡೆಗೆ ಕ್ರಾಫ್ಟ್ ಪೇಪರ್ ಕಟ್ಟಿ, ತೇವ ಹೀರುವ ಚೀಲ ತೂಗುಹಾಕುತ್ತೇನೆ. ಅದು ಪೆಟ್ಟಿಗೆಯ ಭಾಗವಲ್ಲ, ಯಾರೂ ಕೇಳುವುದಿಲ್ಲ.

ಬಾಗಿಲು ಇನ್ನೊಂದು ತಲೆನೋವು. ಹಿಡಿಕೆಯ ಹಳೇ ರಿವೆಟ್ ತುಕ್ಕು ಹಿಡಿದಿದ್ದಕ್ಕೆ ವೆಲ್ಡರ್ ಹುಡುಗ ಚಂದದ ಹೊಸ ಬೋಲ್ಟ್, ನಟ್ ಹಾಕಿದ್ದ. ಹೊರಗಿನಿಂದ ಸ್ಪ್ಯಾನರ್ ಹಾಕಿ ಬಿಚ್ಚಿ, ಮತ್ತೆ ಬಿಗಿಯಬಹುದಾದ ಬೋಲ್ಟ್ ಇದ್ದರೆ ಸೀಲ್ ಇದ್ದೂ ಇಲ್ಲದ ಹಾಗೆ. ಕಳ್ಳರು ಮಾಡುವುದೂ ಅದನ್ನೇ. ಸೀಲ್ ಮುಟ್ಟುವುದಿಲ್ಲ, ಹಿಡಿಕೆ ಬಿಚ್ಚುತ್ತಾರೆ. ಹಾಗಾಗಿ ಈಗ ರಿವೆಟ್, ಇಲ್ಲವೇ ಬೋಲ್ಟ್ ಹಾಕಿ ನಟ್ಟಿಗೆ ವೆಲ್ಡ್. ಕೀಲಿನ ಪಿನ್ನಿಗೂ ಎರಡು ಕಡೆ ವೆಲ್ಡ್. ಸೀಲ್ ಹಾಕುವ ತೂತು 11 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು. ಬಣ್ಣದ ಮೇಲೆ ಬಣ್ಣ ಕೂತು ಅದು ಕಿರಿದಾಗಿರುತ್ತದೆ. ಡ್ರಿಲ್ ಹಾಕಿ ಬಿಡಿಸಿ.

ಗಾಳಿಕಿಂಡಿಗೆ ಸೊಳ್ಳೆಪರದೆ ಜಾಲರಿ ನಡೆಯುವುದಿಲ್ಲ. ಮೂರು ಮಿಲಿಮೀಟರ್‌ಗಿಂತ ದೊಡ್ಡ ತೂತಿಲ್ಲದ ಲೋಹದ ಜಾಲರಿ, ಅದರ ಮೇಲೆ ಹತ್ತು ಮಿಲಿಮೀಟರ್ ಒಳಗಿನ ಕಣ್ಣಿರುವ, ವೆಲ್ಡ್ ಮಾಡಿದ ಜಾಲಿ. ಎರಡೂ ಬೇಕು.

ದೊಡ್ಡ ಪೆಟ್ಟು ಬಿದ್ದದ್ದು ತೇಪೆಗಳಿಗೆ. ಗೋಡೆಯ ತಗಡು 1.6 ಮಿಲಿಮೀಟರ್ ಕಾರ್ಟೆನ್, ಅಂದರೆ ಬೇಗ ತುಕ್ಕು ತಿನ್ನದ ಉಕ್ಕು. ನಮ್ಮ ಮಾಮೂಲಿ ರಾಡ್ ವೆಲ್ಡಿಂಗ್ ಹಿಡಿದರೆ ತೂತು ಇನ್ನೂ ದೊಡ್ಡದಾಗುತ್ತದೆ. ಗ್ಯಾಸ್ ಬಿಟ್ಟು ವೆಲ್ಡ್ ಮಾಡುವ ಸಿಒ2 ಮೆಷಿನ್ ತಂದೆ, ಬಾಡಿಗೆಗೆ. ಜುಲೈ ಗಾಳಿಗೆ ಗ್ಯಾಸ್ ಹಾರಿಹೋಗಿ ವೆಲ್ಡ್ ತುಂಬ ಗುಳ್ಳೆ. ಕರೆಂಟ್ ಕಥೆ ಹೇಳುವುದೇ ಬೇಡ. ಹೇಗೋ ಮುಗಿಸಿ, ಉಜ್ಜಿ, ನೀಲಿ ಬಣ್ಣ ಹೊಡೆಸಿ ಹೊಸದರ ಹಾಗೆ ನಿಲ್ಲಿಸಿದೆವು. ನೋಡಲು ಬಂದವರು ಸುತ್ತ ಒಂದು ಸಲ ಬಂದು ನನ್ನನ್ನು ಕೇಳಿದರು: ‘ಈ ಬಣ್ಣದ ಕೆಳಗೆ ತೇಪೆ ಎಲ್ಲಿದೆ, ಹೇಗೆ ಕೂರಿಸಿದ್ದೀರಿ, ನನಗೆ ಹೇಗೆ ಗೊತ್ತಾಗಬೇಕು?’

ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಗುರುತು ಉಳಿಯದ ಹಾಗೆ ಮಾಲು ತೆಗೆಯಲು ಬರಬಾರದು ಅನ್ನುವುದು ಈ ನಿಯಮದ ಜೀವಾಳ. ನಾವು ನೋಡಿದರೆ ಗುರುತೇ ಕಾಣದಷ್ಟು ನಯ ಮಾಡಿ ತೋರಿಸುತ್ತೇವೆ. ಆವತ್ತೇ ತೀರ್ಮಾನ ಮಾಡಿದೆ, ಮುಂದಿನ ಪೆಟ್ಟಿಗೆ ಬಣ್ಣ ಇಲ್ಲದೆ ತೋರಿಸುತ್ತೇನೆ ಅಂತ.

ಇದಕ್ಕೆ ಎಲ್ಲರೂ ಬೈದರು. ವೆಲ್ಡರ್ ಹುಡುಗ ಕೂಡ ‘ಅಣ್ಣಾ, ತುಕ್ಕು ಡಬ್ಬ ಅಂತ ವಾಪಸ್ ಹೋಗ್ತಾರೆ’ ಅಂದ. ನಾನು ಬಿಡಲಿಲ್ಲ. ಒಂದೊಂದು ತೇಪೆಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ಕೊಳೆತ ಭಾಗ ಚೌಕಾಕಾರ ಕತ್ತರಿಸಿ, ಅದೇ ದಪ್ಪದ ಕಾರ್ಟೆನ್ ತುಂಡು ಕೂರಿಸಿ, ಸುತ್ತ ಬಿಡದೆ ವೆಲ್ಡ್. ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ, ವೆಲ್ಡ್ ಆದ ಮೇಲೆ ಒಳಗಿಂದ, ಹೊರಗಿಂದ ಫೋಟೊ. ಪಕ್ಕದಲ್ಲಿ ಟೇಪ್ ಹಿಡಿದೇ ಫೋಟೊ. ಬಾಗಿಲು, ಕೀಲು, ಕಿಂಡಿ, ನೆಲದ ಸ್ಕ್ರೂ ಎಲ್ಲದಕ್ಕೂ ಹಾಗೇ. ಗೋಡೆಯ ನಕ್ಷೆ ಬರೆದು ಅದೇ ನಂಬರ್ ಹಾಕಿ ಫೈಲ್ ಮಾಡಿದೆ. ಬಂದವರು ಫೈಲ್ ಕೈಲಿ ಹಿಡಿದು, ಒಂದೊಂದು ನಂಬರ್ ಹುಡುಕಿ ಬೆರಳಲ್ಲಿ ಸವರಿ ನೋಡಿದರು. ಬಾಗಿಲು ಹಾಕಿಸಿಕೊಂಡು ಒಳಗೆ ನಿಂತು ಬೆಳಕು ಬರುತ್ತದಾ ಅಂತ ನೋಡಿದರು. ಬರಲಿಲ್ಲ. ಮಧ್ಯಾಹ್ನದೊಳಗೆ ಮುಗಿಯಿತು. ಬಣ್ಣ ಹೊಡೆದು ಫೋಟೊ ಕಳಿಸಿ, ಆಮೇಲೆ ಪ್ಲೇಟ್ ಅಂದರು.

ಬರಿ ಕಬ್ಬಿಣ ಕೊಡಗಿನಲ್ಲಿ ಒಂದು ರಾತ್ರಿಗೇ ಕೆಂಪಾಗುತ್ತದೆ. ಅದಕ್ಕೆ ಎರಡು ಉಪಾಯ. ಒಂದು, ಈ ಕೆಲಸ ಮಳೆ ನಿಂತ ಮೇಲೆ ಇಟ್ಟುಕೊಳ್ಳಿ, ಆದರೆ ಪುತ್ತರಿ ಹಬ್ಬದೊಳಗೆ ಮುಗಿಸಿ. ಆಮೇಲೆ ಕಾಫಿ ಕುಯ್ಲು ಶುರುವಾದರೆ ಕೈಗೆ ಒಬ್ಬ ಆಳೂ ಸಿಗುವುದಿಲ್ಲ. ಇನ್ನೊಂದು, ವೆಲ್ಡ್ ಮೇಲೆ ನಾನು ಒಂದು ವಸ್ತು ಸವರುತ್ತೇನೆ. ವಾರಗಟ್ಟಲೆ ಹೊಳಪು ಉಳಿಯುತ್ತದೆ, ಕೆಳಗಿನ ವೆಲ್ಡ್ ಸ್ಪಷ್ಟವಾಗಿ ಕಾಣುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಯಾವುದು ಅಂತ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನೀರಿನ ಪರೀಕ್ಷೆಗೆ ಪೈಪ್, ಪಂಪ್ ಅಂತ ನಾನು ಖರ್ಚು ಮಾಡುವುದಿಲ್ಲ. ತಂದ ಪೆಟ್ಟಿಗೆಯನ್ನು ಜೂನ್, ಜುಲೈ ಪೂರ್ತಿ ಮಡಿಕೇರಿ ಹತ್ತಿರ ಸ್ನೇಹಿತರ ಜಾಗದಲ್ಲಿ ಬಯಲಿಗೆ ಬಿಡುತ್ತೇನೆ. ಒಳಗೆ ನೆಲಕ್ಕೆಲ್ಲ ಹಳೇ ಪತ್ರಿಕೆ ಹಾಸಿರುತ್ತೇನೆ. ಎಲ್ಲೆಲ್ಲಿ ಕಾಗದ ನೆನೆದಿದೆ ಅಂತ ನೋಡಿ ಛಾವಣಿಗೆ ಗುರುತು. ಕಣ್ಣಿಗೆ ಕಾಣದ ಸೂಜಿತೂತು ಕೂಡ ಸಿಕ್ಕಿಬೀಳುತ್ತದೆ. ಇಷ್ಟು ಒಳ್ಳೆ ಪರೀಕ್ಷೆ ಬಂದರಿನ ಯಾವ ಯಾರ್ಡಿನಲ್ಲೂ ಆಗುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಇದರ ಮಧ್ಯೆ ಲಾರಿಗೂ ಕೈ ಹಾಕಿದೆ. ಟಾರ್ಪಾಲ್ ಲಾರಿಯನ್ನು ಟಿಐಆರ್ ಅಳತೆಗೆ ತರಲು ಆಗುತ್ತದಾ ಅಂತ ನೋಡುವ ಆಸೆ. ನಮ್ಮ ಲಾರಿ ಗಡಿ ದಾಟುವುದಿಲ್ಲ, ಗೊತ್ತು. ಆದರೂ ಮಾಡಿದೆ. ಟಾರ್ಪಾಲ್ ಕಟ್ಟುವ ಹಗ್ಗ ಪೋಣಿಸುವ ಬಳೆಗಳ ನಡುವೆ 200 ಮಿಲಿಮೀಟರ್ ಮೀರಬಾರದು. ಟಾರ್ಪಾಲ್ ಬಾಡಿಯ ಗಟ್ಟಿ ಭಾಗದ ಮೇಲೆ ಕನಿಷ್ಠ 250 ಮಿಲಿಮೀಟರ್ ಇಳಿಯಬೇಕು. ಉಕ್ಕಿನ ಹಗ್ಗವಾದರೆ ಕನಿಷ್ಠ 3 ಮಿಲಿಮೀಟರ್, ನಡುವೆ ಗಂಟಿಲ್ಲದ ಒಂದೇ ತುಂಡು. ಹೊಲಿಗೆ ಎರಡು ಸಾಲು, ನಡುವೆ ಕನಿಷ್ಠ 15 ಮಿಲಿಮೀಟರ್. ನನಗೆ ತುಂಬ ಹಿಡಿಸಿದ್ದು ದಾರದ ನಿಯಮ. ಒಳಗೆ ಕಾಣುವ ದಾರದ ಬಣ್ಣ ಹೊರಗಿನ ದಾರಕ್ಕಿಂತ, ಟಾರ್ಪಾಲ್‌ಗಿಂತ ಬೇರೆ ಇರಬೇಕು. ಯಾರಾದರೂ ಬಿಚ್ಚಿ ಮತ್ತೆ ಹೊಲಿದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಸೀಟ್ ಹೊಲಿಯುವವರ ಹತ್ತಿರ ಒಳಗೆ ಕೆಂಪು, ಹೊರಗೆ ಬಿಳಿ ದಾರ ಹಾಕಿಸಿದೆ. ಮೂವತ್ತೈದು ಸಾವಿರದ ಹತ್ತಿರ ಆಯಿತು. ಸರ್ಟಿಫಿಕೇಟ್ ಕೇಳಲಿಲ್ಲ, ಅದು ಎರಡೇ ವರ್ಷ ನಡೆಯುವುದು, ನಮಗೆ ಉಪಯೋಗವಿಲ್ಲ. ಆದರೆ ಕಾಳುಮೆಣಸು ಸಾಗಿಸುವಾಗ ಆ ಲಾರಿಯೇ ಬೇಕು ಅಂತ ಕೇಳುವ ಪಾರ್ಟಿಗಳು ಇದ್ದಾರೆ.

ವಾಸನೆ ವಿಷಯ ಬಿಡಬೇಡಿ. ಪ್ಲೇಟ್ ಬಂದರೂ ಹಳೇ ಕೆಮಿಕಲ್ ವಾಸನೆ ಇದ್ದರೆ ಕಾಫಿಯವರು ಮುಟ್ಟುವುದಿಲ್ಲ. ನೆಲದ 28 ಮಿಲಿಮೀಟರ್ ಪ್ಲೈವುಡ್ ಎಣ್ಣೆ ಕುಡಿದಿದ್ದರೆ ಉಜ್ಜುತ್ತಾ ಕೂರಬೇಡಿ, ಆ ಹಲಗೆಯನ್ನೇ ಬದಲಿಸಿ. ನಾನು ಕಾಫಿ ಹೊಟ್ಟು ಹರಡಿ ನೋಡಿದೆ, ಸುಣ್ಣ ಇಟ್ಟು ನೋಡಿದೆ. ಹೊಟ್ಟು ಬೂಸ್ಟು ಹಿಡಿಯಿತು. ಸುಣ್ಣ ಸ್ವಲ್ಪ ಕೆಲಸ ಮಾಡಿತು. ಬಿಸಿಲಿಗೆ ಬಾಗಿಲು ತೆಗೆದು ಬಿಡುವುದಕ್ಕೆ ಸಮ ಯಾವುದೂ ಇಲ್ಲ.

ಒಟ್ಟು ಖರ್ಚು ನೆನಪಿನಿಂದ ಹೇಳುತ್ತೇನೆ. ಪೆಟ್ಟಿಗೆ, ಸಾಗಣೆ, ಹೈಡ್ರಾ, ತಗಡು, ಕೂಲಿ, ಬಣ್ಣ, ಪರೀಕ್ಷೆಯ ಫೀಸು ಎಲ್ಲ ಸೇರಿ ಒಂದಕ್ಕೆ ಒಂದು ಲಕ್ಷದ ಎಂಬತ್ತು, ತೊಂಬತ್ತು ಸಾವಿರ. ಬೇಡ ಅನ್ನಿಸಿಕೊಂಡ ಮೊದಲಿನವುಗಳ ನಷ್ಟ ಇದರಲ್ಲಿ ಸೇರಿಸಿಲ್ಲ. 60 ಕಿಲೋ ಚೀಲವಾದರೆ 320 ಹಿಡಿಯುತ್ತದೆ, 19.2 ಟನ್. ಸಿಎಸ್‌ಸಿ ಪರೀಕ್ಷೆ 30 ತಿಂಗಳಿಗೊಮ್ಮೆ ಬರುತ್ತದೆ, ಅದರ ತಾರೀಖು ಬಾಗಿಲಿನ ಪ್ಲೇಟ್ ಮೇಲೆ ಇರುತ್ತದೆ. ಮಾಲು ಹತ್ತಿಸುವ ಮೊದಲು ಅದನ್ನು ನೋಡಿ. ಹಳೇ ಪೆಟ್ಟಿಗೆ ತಗೊಳ್ಳುವವರು ಮೂಲೆ ಕಂಬ, ಕೆಳಗಿನ ಅಡ್ಡ ಚಾನೆಲ್ ತುಕ್ಕು ತಿಂದಿದ್ದರೆ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ. ಗೋಡೆಯ ತೂತು ಎಷ್ಟಿದ್ದರೂ ಪರವಾಗಿಲ್ಲ.