23 ನಿಮಿಷದ ಹಾಡಿಗೆ ಅರ್ಧ ಗಂಟೆಯ ರೇಡಿಯೊ

ಪಿಂಕ್ ಫ್ಲಾಯ್ಡ್ ತಂಡದ ‘ಎಕೋಸ್’ 23 ನಿಮಿಷ 31 ಸೆಕೆಂಡಿನ ಹಾಡು. ರೇಡಿಯೊದಲ್ಲಿ ನಿಮಗೆ ಅರ್ಧ ಗಂಟೆ ಕೊಟ್ಟಿದ್ದಾರೆ ಅಂದುಕೊಳ್ಳಿ. ನಿಲಯದ ಹೆಸರು, ಪ್ರಕಟಣೆ, ಮುಂದಿನ ಕಾರ್ಯಕ್ರಮದ ಸೂಚನೆ ಎಲ್ಲ ಕಳೆದರೆ ಕೈಗೆ ಸಿಗುವುದು 28 ನಿಮಿಷ. ಹಾಡು ಪೂರ್ತಿ ಹಾಕಿದರೆ ಮಾತಿಗೆ ಉಳಿಯುವುದು ನಾಲ್ಕೂವರೆ ನಿಮಿಷ. ಪ್ರೊಗ್ರೆಸಿವ್ ರಾಕ್, ಅಂದರೆ ರಾಕ್‌ಗೆ ಶಾಸ್ತ್ರೀಯ ಸಂಗೀತ, ಜಾಜ್ ಬೆರೆಸಿ ಉದ್ದುದ್ದ ಹಾಡು ಕಟ್ಟುವ ಈ ಪ್ರಕಾರದ ಚರಿತ್ರೆಯನ್ನು ಕನ್ನಡದಲ್ಲಿ ಹೇಳಲು ಹೊರಟವರು ಪೆನ್ನು ಹಿಡಿಯುವ ಮೊದಲು ಈ ಲೆಕ್ಕ ಮಾಡಿಕೊಳ್ಳಬೇಕು.

ದಾವಣಗೆರೆಯಲ್ಲಿ ನಾಲ್ಕು ಕಾಲೇಜು ಹುಡುಗರನ್ನು ಕಟ್ಟಿಕೊಂಡು ಇಂಥದೊಂದು ಸರಣಿಗೆ ಕೈಹಾಕಿದಾಗ ನಾನು ಈ ಲೆಕ್ಕ ತಪ್ಪಿದ್ದೆ. ಮೊದಲ ಮಾದರಿ ಕಂತಿನಲ್ಲಿ ಹದಿನೈದು ನಿಮಿಷ ನಾನೇ ಮಾತಾಡಿ, ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಹಾಡನ್ನು ಆರನೇ ನಿಮಿಷಕ್ಕೆ ಇಳಿಸಿಬಿಟ್ಟಿದ್ದೆ. ಕಾಟನ್ ಮಿಲ್ಲಿನಲ್ಲಿ ಮಗ್ಗದ ಮೇಲೆ ದುಡಿದು ನಿವೃತ್ತರಾದ ಪಕ್ಕದ ಮನೆಯ ಹಿರಿಯರಿಗೆ ಅದನ್ನು ಕೇಳಿಸಿದೆ. ಇಂಗ್ಲಿಷ್ ಬಾರದ ಮನುಷ್ಯ. ಕಣ್ಣುಮುಚ್ಚಿ ಕೇಳುತ್ತಿದ್ದವರು ಹಾಡು ಇಳಿದ ಕೂಡಲೇ ಕಣ್ಣು ತೆರೆದು, ‘ಅರ್ಧಕ್ಕೇ ಯಾಕ್ ನಿಲ್ಸಿದ್ರಿ? ಮುಂದೇನಾತು?’ ಎಂದರು. ಬಯಲಾಟಕ್ಕೆ ಬೆಳಗಿನ ಜಾವದವರೆಗೆ ಕೂತು ಅಭ್ಯಾಸ ಇರುವ ಸೀಮೆ ನಮ್ಮದು. ಉದ್ದದ ಹಾಡನ್ನು ಜನ ಕೇಳುವುದಿಲ್ಲ ಎಂಬ ಹೆದರಿಕೆ ನನ್ನದಾಗಿತ್ತು, ಅವರದಲ್ಲ. ಆವತ್ತಿನಿಂದ ಒಂದೇ ನಿಯಮ: ಹಾಡನ್ನು ಕತ್ತರಿಸುವಂತಿಲ್ಲ, ಕತ್ತರಿ ಏನಿದ್ದರೂ ನಮ್ಮ ಮಾತಿಗೆ. ಇನ್ನು ಮುಂದೆ ಹೇಳುವುದೆಲ್ಲ ಈ ನಿಯಮದ ಸುತ್ತಲೇ ಇದೆ.

ಮೊದಲು ಹಾಡುಗಳ ಪಟ್ಟಿ, ಆಮೇಲೆ ಚರಿತ್ರೆ

ಸಾಮಾನ್ಯವಾಗಿ ಎಲ್ಲರೂ ಚರಿತ್ರೆ ಬರೆದುಕೊಂಡು ಹಾಡು ಹುಡುಕುತ್ತಾರೆ. ಇಲ್ಲಿ ತಿರುಗಾ ಮಾಡಿ. ಒಂದು ಹಾಳೆಯಲ್ಲಿ ಹಾಡಿನ ಹೆಸರು, ವರ್ಷ, ಅವಧಿ ಬರೆಯಿರಿ. ರಷ್ ತಂಡದ ‘2112’, 1976, 20 ನಿಮಿಷ 33 ಸೆಕೆಂಡು. ಜೆನೆಸಿಸ್‌ನ ‘ಸಪರ್ಸ್ ರೆಡಿ’, 1972, ಹತ್ತಿರ ಹತ್ತಿರ 23 ನಿಮಿಷ. ಹೀಗೆ ಹದಿಮೂರು ಸಾಲು ಆಗುವಷ್ಟು. ವಾರಕ್ಕೊಂದರಂತೆ ಹದಿಮೂರು ಕಂತು ಅಂದರೆ ಸರಿಯಾಗಿ ಮೂರು ತಿಂಗಳು. ನಿಲಯಗಳಿಗೂ ಇದು ಒಗ್ಗುವ ಲೆಕ್ಕ.

ಅವಧಿ ಬರೆಯುವಾಗಲೇ ಚರಿತ್ರೆಯ ಮುಖ್ಯ ಕಾರಣವೊಂದು ಕಣ್ಣಿಗೆ ಬೀಳುತ್ತದೆ. ಇಷ್ಟೊಂದು ಹಾಡುಗಳು ಯಾಕೆ ಇಪ್ಪತ್ತರ ಆಸುಪಾಸಿನಲ್ಲೇ ನಿಲ್ಲುತ್ತವೆ? ನಿಮಿಷಕ್ಕೆ 33 ಸುತ್ತು ಚಿಲ್ಲರೆ ತಿರುಗುವ ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಅಷ್ಟೇ. ‘ಎಕೋಸ್’ ತನ್ನ ಆಲ್ಬಮ್ಮಿನ ಎರಡನೇ ಬದಿಯನ್ನು ಪೂರ್ತಿ ತುಂಬಿದೆ. ‘2112’ ಮೊದಲನೇ ಬದಿಯನ್ನು. ಅದಕ್ಕೂ ಮೊದಲು ಪಾಪ್ ಸಂಗೀತ ಬದುಕಿದ್ದು ಮೂರು ನಿಮಿಷದ ಚಿಕ್ಕ ತಟ್ಟೆಯ ಮೇಲೆ. ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಹುಡುಗರು ದೊಡ್ಡ ತಟ್ಟೆಯ ಒಂದಿಡೀ ಬದಿಯನ್ನು ಒಂದೇ ಕೃತಿಗೆ ಬಳಸಲು ಧೈರ್ಯ ಮಾಡಿದರು. ಕೆಲವರು ಚರ್ಚಿನ ಆರ್ಗನ್ ಕೇಳಿ ಬೆಳೆದವರು, ಕೆಲವರು ಜಾಜ್ ಹುಚ್ಚಿನವರು. ಯೆಸ್ ತಂಡದ ರಿಕ್ ವೇಕ್‌ಮನ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತವರು. ಅಮೆರಿಕದಲ್ಲಿ ಆಗಷ್ಟೇ ಎಫ್‌ಎಂ ನಿಲಯಗಳು ಉದ್ದದ ಹಾಡುಗಳನ್ನು ಪೂರ್ತಿ ಹಾಕಲು ಶುರುಮಾಡಿದ್ದವು. ಈ ಸಂಗೀತ ಹರಡಲು ರೇಡಿಯೊವೂ ಕಾರಣ ಅನ್ನುವುದು ರೇಡಿಯೊ ಮಾಡುವವರಿಗೆ ಉತ್ಸಾಹ ಕೊಡುವ ಸಂಗತಿ.

ಮೊದಲ ಕಂತು ಎಲ್ಲಿಂದ?

ಇಸವಿ ಪ್ರಕಾರ ಹೋದರೆ 1967. ಜೂನ್‌ನಲ್ಲಿ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’, ನವೆಂಬರಿನಲ್ಲಿ ಮೂಡಿ ಬ್ಲೂಸ್ ತಂಡ ಆರ್ಕೆಸ್ಟ್ರಾ ಜತೆ ಸೇರಿ ಮಾಡಿದ ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’. ಎರಡನೆಯದು ಬೆಳಗಿನಿಂದ ರಾತ್ರಿವರೆಗಿನ ಒಂದು ದಿನವನ್ನು ಹಾಡಾಗಿಸಿದ ಆಲ್ಬಮ್. ಭೈರವ ಬೆಳಗಿಗೆ, ಯಮನ್ ಸಂಜೆಗೆ ಅಂತ ತಿಳಿದ ಕೇಳುಗರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಆದರೂ ನನ್ನ ಮಾತು ಕೇಳಿ, 1967ನ್ನು ಎರಡನೇ ವಾರಕ್ಕಿಡಿ. ಮೊದಲ ವಾರ 1973ರ ಮಾರ್ಚ್‌ನಲ್ಲಿ ಬಂದ ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನ ‘ಮನಿ’ ಹಾಡಿನಿಂದ ಶುರುಮಾಡಿ. ಕಾರಣ ತಾಳ.

‘ಮನಿ’ ನಡೆಯುವುದು ಏಳರಲ್ಲಿ. ನಾಣ್ಯದ ಸದ್ದು, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು, ಹೀಗೆ ಏಳು ಸದ್ದುಗಳ ಟೇಪನ್ನು ಅಳತೆಯಿಟ್ಟು ಸಮ ತುಂಡುಗಳಾಗಿ ಕತ್ತರಿಸಿ, ಅಂಟಿಸಿ, ಬಳೆಯಂತೆ ಸುತ್ತಿಸಿದ್ದಾರೆ. ಆ ಸುತ್ತು ನಡೆಯುತ್ತಿರುವಾಗಲೇ ಬೇಸ್ ಗಿಟಾರ್ ಸೇರುತ್ತದೆ. ಪಾಶ್ಚಾತ್ಯ ಪಾಪ್‌ನಲ್ಲಿ ಏಳರ ಲೆಕ್ಕ ಅಪರೂಪ. ಅವರ ಪುಸ್ತಕಗಳಲ್ಲಿ ಇದನ್ನು ವಿಚಿತ್ರ ತಾಳ ಎನ್ನುತ್ತಾರೆ. ನಮ್ಮಲ್ಲಿ ಅದು ಮಿಶ್ರಛಾಪು, ದೇವಸ್ಥಾನದ ಕಛೇರಿಯಲ್ಲಿ ತೊಡೆ ತಟ್ಟುತ್ತ ಕೂತವರಿಗೆ ಗೊತ್ತಿರುವಂಥದ್ದು. ನಾವು ಆ ಕಂತಿಗೆ ಬರೆದ ಮಾತು ಹೀಗಿತ್ತು:

‘ಈಗ ಬರುವ ಹಾಡು ಗಲ್ಲಾಪೆಟ್ಟಿಗೆಯ ಸದ್ದಿನಿಂದ ಶುರುವಾಗುತ್ತದೆ. ಕೈ ಖಾಲಿ ಇದ್ದರೆ ನನ್ನ ಜತೆ ಎಣಿಸಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು ನಿಮಿಷ ಕಳೆದ ಮೇಲೆ ಗಿಟಾರ್ ಒಂದೇ ಏಟಿಗೆ ಮೇಲೇಳುತ್ತದೆ. ಅಲ್ಲಿ ನಿಮ್ಮ ಎಣಿಕೆ ಕೂಡುವುದಿಲ್ಲ. ತಪ್ಪಿದ್ದು ನೀವಲ್ಲ.’

ಡೇವಿಡ್ ಗಿಲ್ಮೋರ್ ಗಿಟಾರ್ ನುಡಿಸುವ ಆ ಭಾಗದಲ್ಲಿ ತಂಡ ಏಳನ್ನು ಬಿಟ್ಟು ನಾಲ್ಕಕ್ಕೆ ಬರುತ್ತದೆ. ಅದನ್ನು ಮೊದಲೇ ಹೇಳಬೇಡಿ. ಕೇಳುಗರ ಕೈಯೇ ಕಂಡುಹಿಡಿಯಲಿ. ಆ ಹಿರಿಯರು ಮಗ್ಗದ ಲಾಳಿ ಎಣಿಸಿದ ಬೆರಳಿನಲ್ಲೇ ಎಣಿಸುತ್ತಿದ್ದರು. ಗಿಟಾರ್ ಬಂದಾಗ ಬೆರಳು ಗಾಳಿಯಲ್ಲೇ ನಿಂತಿತು, ಒಂದು ಕ್ಷಣ ಕಾದು ನಾಲ್ಕಕ್ಕೆ ಹೊಂದಿಕೊಂಡಿತು. ನನ್ನ ಪಾಲಿಗೆ ಇಡೀ ಸರಣಿ ಸಾರ್ಥಕವಾದ ಗಳಿಗೆ ಅದು.

ಈ ದಾರಿ ಒಮ್ಮೆ ತೆರೆದರೆ ಮುಂದಿನದು ಸಲೀಸು. ಜೆತ್ರೊ ಟಲ್ ತಂಡದ 1969ರ ‘ಲಿವಿಂಗ್ ಇನ್ ದಿ ಪಾಸ್ಟ್’ ಐದರ ಎಣಿಕೆಯದು, ಮೇಲೆ ಇಯಾನ್ ಆ್ಯಂಡರ್ಸನ್ ಕೊಳಲು. ‘ಸಪರ್ಸ್ ರೆಡಿ’ಯ ಕೊನೆಯ ಭಾಗಗಳಲ್ಲಿ ಒಂದರ ಹೆಸರಲ್ಲೇ ಒಂಬತ್ತರ ಲೆಕ್ಕ ಇದೆ, ಕೆಳಗೆ ಡ್ರಮ್ಸ್, ಬೇಸ್, ಗಿಟಾರ್ ಒಂಬತ್ತನ್ನು ಬಿಡದೆ ಹಿಡಿದಿದ್ದರೆ ಮೇಲೆ ಟೋನಿ ಬ್ಯಾಂಕ್ಸ್ ಆರ್ಗನ್ನು ತನ್ನದೇ ಲೆಕ್ಕದಲ್ಲಿ ಓಡುತ್ತದೆ. ಮೃದಂಗ ಕಲಿಯುವವರು ಊರಲ್ಲಿದ್ದರೆ ಆ ಕಂತಿಗೆ ಕರೆಸಿ, ಸಂಕೀರ್ಣದ, ಅಂದರೆ ಒಂಬತ್ತರ ಸೊಲ್ಲು ಹೇಳಿಸಿ. ನನಗೆ ತಿಳಿದ ಮಟ್ಟಿಗೆ ಕನ್ನಡದ ಕೇಳುಗರಿಗೆ ಈ ಸಂಗೀತದ ಹತ್ತಿರದ ಬಾಗಿಲು ತಾಳವೇ, ಸಾಹಿತ್ಯ ಅಲ್ಲ. ಒಂದು ಎಚ್ಚರ ಮಾತ್ರ ಇರಲಿ: ಇದನ್ನು ರಾಗಾಲಾಪನೆಗೆ ಹೋಲಿಸಲು ಹೋಗಬೇಡಿ. ಆಲಾಪನೆ ಆ ಹೊತ್ತಿಗೆ ಹುಟ್ಟುವಂಥದ್ದು. ಇವು ಬಹುಪಾಲು ಮೊದಲೇ ಕೂತು ಕಟ್ಟಿ, ತಾಲೀಮು ಮಾಡಿ, ಸ್ಟುಡಿಯೊದಲ್ಲಿ ತುಂಡು ತುಂಡಾಗಿ ಜೋಡಿಸಿದ ಕೃತಿಗಳು.

ಒಂದು ಕಂತಿಗೆ ಒಂದು ವಾದ್ಯ

ನಾಲ್ಕೂವರೆ ನಿಮಿಷದಲ್ಲಿ ತಂಡದ ಜಾತಕ ಓದಲು ಹೋದರೆ ಏನೂ ಉಳಿಯುವುದಿಲ್ಲ. ಯಾರು ಯಾವಾಗ ತಂಡ ಬಿಟ್ಟರು ಎಂಬುದು ಅಭಿಮಾನಿಗಳಿಗೆ ಬೇಕು, ಹೊಸಬರಿಗೆ ಬೇಡ. ಕಂತಿಗೊಂದು ವಸ್ತು ಹಿಡಿದು ಅದನ್ನೇ ವಿವರಿಸಿ. ಕಿಂಗ್ ಕ್ರಿಮ್ಸನ್ ವಾರಕ್ಕೆ ನಾವು ಹಿಡಿದದ್ದು ಮೆಲೊಟ್ರಾನ್.

ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗುತ್ತಿದ್ದ ಈ ವಾದ್ಯ ನೋಡಲು ನಮ್ಮ ಕಂಪನಿ ನಾಟಕದ ಕಾಲ್ಪೆಟ್ಟಿಗೆಯ ಅಣ್ಣನಂತಿದೆ. ಆದರೆ ಒಳಗೆ ತಿದಿ ಇಲ್ಲ, ಪೀಪಿ ಇಲ್ಲ. ಪ್ರತಿ ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಅದರಲ್ಲಿ ನಿಜವಾದ ಪಿಟೀಲುಗಳ, ಕೊಳಲಿನ, ಹಾಡುಗಾರರ ಒಂದೊಂದು ಸ್ವರ ಮುದ್ರಿಸಿಟ್ಟಿದೆ. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ. ಬೆರಳು ಎತ್ತಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಅದಕ್ಕೇ ಸ್ವರವನ್ನು ಎಷ್ಟು ಹೊತ್ತು ಬೇಕಾದರೂ ಹಿಡಿಯಲು ಆಗುವುದಿಲ್ಲ. ಟೇಪು ಕೊಂಚ ಅದುರುವುದರಿಂದ ಪಿಟೀಲುಗಳು ದೂರದ ಮಂಜಿನಲ್ಲಿ ನಿಂತು ನುಡಿಸಿದ ಹಾಗೆ ಕೇಳಿಸುತ್ತವೆ. ಇಷ್ಟು ಹೇಳಿ 1969ರ ಅಕ್ಟೋಬರ್ 10ರಂದು ಬಂದ ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’ ಹಾಕಿದರೆ, ಆ ಸದ್ದು ಬಂದ ಕೂಡಲೇ ಕೇಳುಗ ಗುರುತು ಹಿಡಿಯುತ್ತಾನೆ. ಆಲ್ಬಮ್ ಬರುವ ಮೂರು ತಿಂಗಳ ಮೊದಲೇ, ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ರೋಲಿಂಗ್ ಸ್ಟೋನ್ಸ್‌ಗಿಂತ ಮುಂಚೆ ವೇದಿಕೆ ಹತ್ತಿ ಲಕ್ಷಾಂತರ ಜನರ ಮುಂದೆ ಅವರು ನುಡಿಸಿದ್ದರು. ಈ ಸಂಗತಿಗೆ ಒಂದೇ ವಾಕ್ಯ ಸಾಕು.

ಉಳಿದ ವಾರಗಳಲ್ಲಿ ಎಮರ್ಸನ್ ಲೇಕ್ ಆ್ಯಂಡ್ ಪಾಮರ್ ತಂಡಕ್ಕೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್, ಇಟಲಿ ಮತ್ತು ಜರ್ಮನಿಗೆ ಸೇರಿಸಿ ಒಂದು ಕಂತು, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್‌ಗೆ ಒಂದು. ಮೆಕ್‌ಲಾಫ್ಲಿನ್ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದವರು. ಆಮೇಲೆ ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜತೆ ‘ಶಕ್ತಿ’ ತಂಡ ಮಾಡಿದರು. ಇದು ಜಾಜ್, ಪ್ರೊಗ್ರೆಸಿವ್ ರಾಕ್ ಅಲ್ಲ ಎಂದು ವಾದಿಸುವವರಿದ್ದಾರೆ. ಘಟದ ಸದ್ದಿಗೆ ನಮ್ಮೂರಿನ ರೇಡಿಯೊದಲ್ಲಿ ಜಾಗ ಇರಲೇಬೇಕು ಎಂಬುದು ನನ್ನ ಹಟ. 1976–77ರಲ್ಲಿ ಬಂದ ಪಂಕ್ ಎಂಬ ಸರಳ, ಒರಟು ರಾಕ್‌ನ ಅಲೆ, 1983ರ ಮರಿಲಿಯನ್ ತಂಡ, 1992ರ ಡ್ರೀಮ್ ಥಿಯೇಟರ್ ತಂಡ ಎಲ್ಲ ಎರಡು ವಾರದಲ್ಲಿ ಮುಗಿಸಬಹುದು. ಒಂದು ಕಂತು ಬೆಂಗಳೂರಿಗೆ: 2002ರಲ್ಲಿ ಅರಮನೆ ಮೈದಾನದಲ್ಲಿ ಪಿಂಕ್ ಫ್ಲಾಯ್ಡ್ ಕಟ್ಟಿದವರಲ್ಲೊಬ್ಬರಾದ ರೋಜರ್ ವಾಟರ್ಸ್ ಹಾಡಿದ್ದು, ಮತ್ತು ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್‌ಗೆ ಕೂಡಿಸುವ ಅಲ್ಲಿಯದೇ ತಂಡ ‘ಅಗಮ್’.

ಅನುಮತಿ

ಸಿಡಿ ಕೊಂಡ ಮಾತ್ರಕ್ಕೆ ಪ್ರಸಾರದ ಹಕ್ಕು ಬರುವುದಿಲ್ಲ. ಧ್ವನಿಮುದ್ರಣದ ಹಕ್ಕು ಬೇರೆ, ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಬೇರೆ. ಎರಡಕ್ಕೂ ನಿಲಯದ ಬಳಿ ಪರವಾನಗಿ ಇದೆಯೇ ಅಂತ ಮೊದಲೇ ಕೇಳಿ. 2012ರ ತಿದ್ದುಪಡಿಯಿಂದ ಬಂದ ಕೃತಿಸ್ವಾಮ್ಯ ಕಾಯ್ದೆಯ 31ಡಿ ಕಲಂ ರೇಡಿಯೊ ಪ್ರಸಾರಕ್ಕೆ ಒಂದು ದಾರಿ ಕೊಡುತ್ತದೆ. ಆದರೆ ಇಂಟರ್‌ನೆಟ್ ಸ್ಟ್ರೀಮಿಂಗ್ ಸೇವೆಗೆ ಅದು ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಆದ್ದರಿಂದ ಅದೇ ಕಂತನ್ನು ಪಾಡ್‌ಕಾಸ್ಟ್ ಮಾಡಿ ಹಾಕುವ ಮುನ್ನ ಬೇರೆಯಾಗಿ ವಿಚಾರಿಸಿ.

ಧ್ವನಿಮುದ್ರಣ

ಸ್ಟುಡಿಯೊ ಸಿಗದಿದ್ದರೆ ಮನೆಯೇ ಸಾಕು. ವಿನೋಬನಗರದ ಕೋಣೆಯೊಂದರಲ್ಲಿ ಮೂರು ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿ ಮಾಡಿದ ಮುದ್ರಣ ನಮ್ಮದು. ಹಳೇ ಸೀರೆ ಪದರಗಳ ಕೌದಿ ಮಾತಿನ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಫ್ಯಾನ್ ಆರಿಸಿ, ರಾತ್ರಿ ಹನ್ನೊಂದರ ಮೇಲೆ ಕೂತುಕೊಳ್ಳಿ. ರೈಲು ಕೂಗಿದರೆ ವಾಕ್ಯದ ಮಧ್ಯೆ ನಿಲ್ಲಿಸಬೇಡಿ, ವಾಕ್ಯ ಮುಗಿಸಿ ಮತ್ತೊಮ್ಮೆ ಅದನ್ನೇ ಹೇಳಿ, ಜೋಡಿಸುವಾಗ ಸುಲಭ.

ನಿಜವಾದ ಕಷ್ಟ ಇರುವುದು ಹಾಡಿನ ಮೆಲುದನಿಯಲ್ಲಿ. ‘ಕ್ಲೋಸ್ ಟು ದಿ ಎಡ್ಜ್’ ಹಕ್ಕಿ ಮತ್ತು ನೀರಿನ ಸದ್ದಿನಿಂದ ನಿಧಾನಕ್ಕೆ ಏಳುತ್ತದೆ. ಕಿಂಗ್ ಕ್ರಿಮ್ಸನ್ನರ ‘ಮೂನ್‌ಚೈಲ್ಡ್’ನ ಹನ್ನೆರಡು ನಿಮಿಷದಲ್ಲಿ ಬಹುಭಾಗ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ತಟ್ಟುವಿಕೆ. ಒಂದು ನಿಲಯದಲ್ಲಿ ಪ್ರಯೋಗಕ್ಕೆ ಅದನ್ನು ಹಾಕಿದಾಗ, ಮೌನ ಕಂಡರೆ ತಾನಾಗಿ ಬದಲಿ ಹಾಡು ಹಾಕುವ ವ್ಯವಸ್ಥೆ ಎಚ್ಚೆತ್ತು ಭಾವಗೀತೆ ಶುರುಮಾಡಿಬಿಟ್ಟಿತು. ನನ್ನ ನಿಯಮಕ್ಕೆ ‘ಮೂನ್‌ಚೈಲ್ಡ್’ ಒಂದೇ ಅಪವಾದ. ಅದನ್ನು ಪಟ್ಟಿಯಿಂದಲೇ ತೆಗೆದೆ. ಉಳಿದವಕ್ಕೆ, ಮೆಲುದನಿಯ ಭಾಗ ಬರುವ ಮೊದಲು ‘ಸ್ವಲ್ಪ ದನಿ ಹೆಚ್ಚಿಸಿಕೊಳ್ಳಿ’ ಅಂತ ಕೇಳುಗರಿಗೇ ಹೇಳಿ, ನಿಲಯದ ತಂತ್ರಜ್ಞರಿಗೆ ನಿಮಿಷ–ಸೆಕೆಂಡಿನ ಚೀಟಿ ಕೊಡಿ.

ಕಂತು ಸಿದ್ಧವಾದ ಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ತೃಪ್ತಿಪಡಬೇಡಿ. ಫೋನಿಗೆ ಹಾಕಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಇಟ್ಟು ಕೇಳಿ. ಆನಗೋಡು ದಾಟುವ ಹೊತ್ತಿಗೆ ನಿಮ್ಮ ಯಾವ ಮಾತು ಎಂಜಿನ್ನಿನ ಸದ್ದಿಗೆ ಮುಳುಗುತ್ತದೆ ಅಂತ ಗೊತ್ತಾಗಿರುತ್ತದೆ, ಭರಮಸಾಗರದ ಹೊತ್ತಿಗೆ ಯಾವ ವಾಕ್ಯ ಬೇಡವಾಗಿತ್ತು ಅನ್ನುವುದೂ. ವಾಪಸು ಬಂದು ಅವನ್ನು ತೆಗೆಯಿರಿ. ನಮ್ಮ ‘ಎಕೋಸ್’ ಕಂತಿನ ನಾಲ್ಕೂವರೆ ನಿಮಿಷದ ಮಾತು ಆ ಪ್ರಯಾಣದ ನಂತರ ಮೂರೂಕಾಲಕ್ಕೆ ಇಳಿಯಿತು.

ಉಳಿದ ಒಂದೂಕಾಲು ನಿಮಿಷವನ್ನು ಮತ್ತೆ ಮಾತಿನಿಂದ ತುಂಬಬೇಡಿ. ‘ಎಕೋಸ್’ ಕೊನೆಗೆ ಗಾಳಿಯಂಥ ದನಿಗಳು ಮೇಲೇರುತ್ತ ಏರುತ್ತ ಕರಗುತ್ತವೆ. ಪೂರ್ತಿ ಕರಗಲಿ. ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಮೈಕ್ ತೆರೆದು ಹಾಡಿನ ಹೆಸರು, ತಂಡದ ಹೆಸರು, ವರ್ಷ 1971, ಮುಂದಿನ ವಾರದ ಸಮಯ ಹೇಳಿ, ದನಿ ಏರಿಳಿಸುವ ಫೇಡರ್ ಇಳಿಸಿ.