ಫ್ರೀಜರ್‌ನಲ್ಲಿಟ್ಟ ಬ್ರೌನಿ ಒದ್ದೆಯಾಗದಿರಲು

ಒಂದು ಟ್ರೇ ಬ್ರೌನಿ ಮಾಡಿದರೆ ಏನಿಲ್ಲವೆಂದರೂ 16 ತುಂಡು ಆಗುತ್ತದೆ. ಮನೆಯಲ್ಲಿ ಇಬ್ಬರೋ ಮೂವರೋ ಇದ್ದರೆ ಅಷ್ಟೂ ಒಂದೆರಡು ದಿನದಲ್ಲಿ ಮುಗಿಯುವುದಿಲ್ಲ. ಅಷ್ಟರಲ್ಲಿ ಅಂಚು ಒಣಗಲು ಶುರುವಾಗಿರುತ್ತದೆ. ಉಳಿದದ್ದನ್ನು ಮಾಡಿದ ದಿನವೇ ಫ್ರೀಜರ್‌ಗೆ ಸೇರಿಸಿ. ಸಕ್ಕರೆ, ಬೆಣ್ಣೆ ಎರಡೂ ಜಾಸ್ತಿ ಇರುವುದರಿಂದ ಬ್ರೌನಿ ಫ್ರೀಜರ್‌ನಲ್ಲಿ ಚೆನ್ನಾಗಿ ಉಳಿಯುತ್ತದೆ. ಅದನ್ನು ಕೆಡಿಸುವುದು ತಣುವಲ್ಲ, ನೀರು.

ಇದು ನನಗೆ ಗೊತ್ತಾಗಿದ್ದು ಒಂದು ಟ್ರೇ ಬ್ರೌನಿ ಹಾಳಾದ ಮೇಲೆ. ಇನ್ನೂ ಬೆಚ್ಚಗಿರುವಾಗಲೇ ಸುತ್ತಿ ಇಟ್ಟಿದ್ದೆ. ವಾರದ ನಂತರ ತೆಗೆದರೆ, ಬ್ರೌನಿಯ ಮೇಲೆ ಕಾಗದದ ಹಾಗೆ ಬಿರುಕು ಬಿಟ್ಟಿರುತ್ತದಲ್ಲ, ಆ ತೆಳು ಹೊಳಪಿನ ಪದರವೇ ಇರಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು.

ಮೊದಲು ತಣ್ಣಗಾಗಲಿ

ಓವನ್‌ನಿಂದ ತೆಗೆದ ಮೇಲೆ ಕನಿಷ್ಠ 2 ಗಂಟೆ ಸುಮ್ನೆ ಬಿಡಿ. ಮೇಲ್ಭಾಗ ಬೇಗ ಆರುತ್ತದೆ, ಅದನ್ನು ನಂಬಬೇಡಿ. ಟಿನ್‌ನ ತಳ ಮುಟ್ಟಿ ನೋಡಿ. ಅಲ್ಲಿ ಸ್ವಲ್ಪವೂ ಬಿಸಿ ಇರಬಾರದು. ನಂತರ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಿದರೆ ಪುಡಿ ಉದುರುವುದಿಲ್ಲ. ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ, ಒರೆಸಿ, ಒಂದು ಸಲ ಕತ್ತರಿಸಿ. ಮತ್ತೆ ಒರೆಸಿ.

ಕತ್ತರಿಸದೆ ಇಡೀ ಬ್ರೌನಿಯನ್ನೇ ಇಡಬಹುದು, ಒಣಗುವುದು ಕಡಿಮೆ. ಆದರೂ ನಾನು ತುಂಡು ಮಾಡಿಯೇ ಇಡುತ್ತೇನೆ. ಬೇಕಾದಾಗ ಒಂದೇ ಒಂದು ತೆಗೆದುಕೊಳ್ಳಬಹುದು ಅಲ್ವಾ?

ಸುತ್ತುವುದು

ಪ್ರತಿ ತುಂಡನ್ನೂ ಬೇರೆ ಬೇರೆ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ, ಅಂದರೆ ಕ್ಲಿಂಗ್ ಫಿಲ್ಮ್‌ನಲ್ಲಿ ಸುತ್ತಿ. ಆರೂ ಬದಿಗೆ ಫಿಲ್ಮ್ ಅಂಟಿಕೊಂಡಿರಬೇಕು. ಆಮೇಲೆ ಎಲ್ಲವನ್ನೂ ದಪ್ಪನೆಯ ಜಿಪ್ ಕವರ್‌ಗೆ ಹಾಕಿ, ಒಳಗಿನ ಗಾಳಿಯನ್ನು ಕೈಯಿಂದ ಒತ್ತಿ ಹೊರಹಾಕಿ ಮುಚ್ಚಿ. ಫ್ರೀಜರ್‌ನ ಗಾಳಿ ತುಂಬಾ ಒಣ. ಸಂದು ಸಿಕ್ಕಿದರೆ ಸಾಕು, ಬ್ರೌನಿಯೊಳಗಿನ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಆ ಜಾಗ ಬಿಳಚಿಕೊಂಡು ಒಣಗುತ್ತದೆ. ಬ್ರೌನಿಯಲ್ಲಿರುವ ಬೆಣ್ಣೆ ಬೇರೆ ವಾಸನೆಯನ್ನೂ ಬೇಗ ಹೀರುತ್ತದೆ. ಪಕ್ಕದಲ್ಲಿ ಮೀನೋ ಹೆಚ್ಚಿದ ಈರುಳ್ಳಿಯೋ ಇದ್ದರೆ ಎರಡು ಪದರ ಬೇಕೇ ಬೇಕು.

ಬ್ರೌನಿಯ ಮೇಲೆ ಫ್ರಾಸ್ಟಿಂಗ್ (ಕ್ರೀಂ ಅಥವಾ ಚಾಕೊಲೇಟ್ ಲೇಪ) ಇದ್ದರೆ ಮೊದಲು ಟ್ರೇನಲ್ಲಿ ಹಾಗೇ ತೆರೆದಿಟ್ಟು 1–2 ಗಂಟೆ ಗಟ್ಟಿಯಾಗಲು ಬಿಡಿ. ಆಮೇಲೆ ಸುತ್ತಿದರೆ ಫಿಲ್ಮ್‌ಗೆ ಮೆತ್ತಿಕೊಳ್ಳುವುದಿಲ್ಲ.

ಕವರ್ ಮೇಲೆ ತಾರೀಕು ಬರೆಯಿರಿ. ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. 2–3 ತಿಂಗಳೊಳಗೆ ತಿಂದರೆ ರುಚಿ ಚೆನ್ನಾಗಿರುತ್ತದೆ. ಒಂದು ಮಾತು: ಜಾಸ್ತಿ ಬೇಯಿಸಿ ಒಣಗಿಸಿದ ಬ್ರೌನಿಯನ್ನು ಯಾವ ಫ್ರೀಜರ್ ಕೂಡ ಮೃದು ಮಾಡುವುದಿಲ್ಲ.

ತಣುವು ಬಿಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ಫ್ರೀಜರ್‌ನಿಂದ ತೆಗೆದ ಕೂಡಲೇ ಸುತ್ತಿದ್ದನ್ನು ಬಿಚ್ಚಿಬಿಡುತ್ತಾರೆ. ದಯವಿಟ್ಟು ಬಿಚ್ಚಬೇಡಿ. ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಕೂರುವುದನ್ನು ನೋಡಿದ್ದೀರಿ. ಸುತ್ತಲಿನ ಗಾಳಿಯಲ್ಲಿರುವ ತೇವ ತಣ್ಣನೆಯ ವಸ್ತುವಿನ ಮೇಲೆ ಹೀಗೆಯೇ ಇಳಿಯುತ್ತದೆ. ಬ್ರೌನಿ ತೆರೆದಿದ್ದರೆ ಹನಿ ಬ್ರೌನಿಯ ಮೇಲೆ ಕೂರುತ್ತದೆ, ಮೇಲ್ಪದರದ ಸಕ್ಕರೆ ಕರಗಿ ಅಂಟಾಗುತ್ತದೆ. ಸುತ್ತಿದ ಹಾಗೇ ಇದ್ದರೆ ಹನಿ ಫಿಲ್ಮ್ ಮೇಲೆ ಕೂರುತ್ತದೆ, ಒಳಗಿನದು ಒದ್ದೆಯಾಗುವುದಿಲ್ಲ.

ಹಾಗಾಗಿ ತುಂಡುಗಳನ್ನು ಕವರ್‌ನಿಂದ ತೆಗೆದು, ಫಿಲ್ಮ್ ಸಮೇತ ಒಂದೊಂದಾಗಿ ತಟ್ಟೆಯಲ್ಲಿ ಹರಡಿ 1–2 ಗಂಟೆ ಹೊರಗಿಡಿ. ಕತ್ತರಿಸದ ಇಡೀ ಬ್ರೌನಿಗೆ 3–4 ಗಂಟೆ ಬೇಕು. ಫಿಲ್ಮ್ ಮೇಲಿನ ಹನಿಯನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಬಿಚ್ಚಿ. ಕ್ರೀಂ ಅಥವಾ ಕ್ರೀಂ ಚೀಸ್ ಇದ್ದದ್ದನ್ನು ಮಾತ್ರ ಹೊರಗಿಡಬೇಡಿ, ರಾತ್ರಿಯಿಡೀ ಫ್ರಿಜ್‌ನಲ್ಲೇ ತಣುವು ಬಿಡಲಿ.

ಬಿಸಿಯಾಗಿ ಬೇಕಾದರೆ ಮೈಕ್ರೋವೇವ್‌ನಲ್ಲಿ 15–20 ಸೆಕೆಂಡ್ ಸಾಕು. ಮೇಲ್ಪದರ ಮತ್ತೆ ಗರಿಯಾಗಬೇಕಾದರೆ 150 ಡಿಗ್ರಿ ಓವನ್‌ನಲ್ಲಿ 5 ನಿಮಿಷ ಇಡಿ. ಎರಡಕ್ಕೂ ಮುಂಚೆ ಫಿಲ್ಮ್ ಪೂರ್ತಿ ತೆಗೆದಿರಬೇಕು. ಒಮ್ಮೆ ತಣುವು ಬಿಟ್ಟಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ, ಪ್ರತಿ ಸಲವೂ ತೇವ ಕಳೆದುಕೊಂಡು ಉದುರುದುರಾಗುತ್ತದೆ. ಎರಡು ಮೂರು ದಿನದಲ್ಲಿ ತಿಂದು ಮುಗಿಸಿ.

ಚಾಕೊಲೇಟ್ ಚೂರುಗಳ ಮೇಲೆ ಬೂದಿಯಂಥ ಬಿಳಿ ಕಂಡರೆ ಗಾಬರಿ ಬೇಡ. ಕೊಕೊ ಬೆಣ್ಣೆಯೋ ಸಕ್ಕರೆಯೋ ಮೇಲೆ ಬಂದಿರುತ್ತದೆ ಅಷ್ಟೆ, ತಿನ್ನಬಹುದು. ಹತ್ತಿಯ ಎಳೆಯ ಹಾಗೆ ಕಂಡರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ಐಸ್ ಕ್ರೀಂ ಮೇಲೆ ಹಾಕುವುದಾದರೆ ಕಾಯುವ ಕೆಲಸವೇ ಇಲ್ಲ. ಫ್ರೀಜರ್‌ನಿಂದ ತೆಗೆದು, ಬಿಚ್ಚಿ, ಗಟ್ಟಿ ಇರುವಾಗಲೇ ಸಣ್ಣಗೆ ಹೆಚ್ಚಿ ಉದುರಿಸಿ. ಜಗಿದಾಗ ಟಾಫಿಯ ಹಾಗೆ ಎಳೆಯುತ್ತದೆ.